ಹಿಮ್ಮೇಳದ ಸಾಫ್ಟ್‌ವೇರ್: ವಾದ್ಯ ಕೈಯಲ್ಲಿದ್ದಾಗ ಯಾವುದು ಸುಲಭ?

ಹಿಮ್ಮೇಳದ ಸಾಫ್ಟ್‌ವೇರ್ ಸುಲಭವೋ ಕಷ್ಟವೋ ಅಂತ ಕುರ್ಚಿಯಲ್ಲಿ ಕೂತು, ಮೌಸ್ ಹಿಡಿದು ತೀರ್ಮಾನ ಮಾಡಬಾರದು. ವಾದ್ಯ ಕೈಗೆತ್ತಿಕೊಂಡು, ಸ್ಕ್ರೀನ್‌ನಿಂದ ಒಂದೆರಡು ಹೆಜ್ಜೆ ಹಿಂದೆ ನಿಂತು ನೋಡಬೇಕು. ನಾನು ನುಡಿಸುವುದು ಆಲ್ಟೋ ಸ್ಯಾಕ್ಸೊಫೋನ್. ಕತ್ತಿಗೆ ಪಟ್ಟಿ, ಬಾಯಲ್ಲಿ ಮೌತ್‌ಪೀಸ್, ಎರಡೂ ಕೈ ಕೀಲಿಗಳ ಮೇಲೆ. ಆಗ ಸ್ಕ್ರೀನ್ ಮೇಲಿನ ಸಣ್ಣ ಬಟನ್ ಹುಡುಕುವುದು ಆಗದ ಮಾತು. ಗಿಟಾರ್ ಆಗಲಿ, ಕೊಳಲಾಗಲಿ, ಪಿಟೀಲಾಗಲಿ, ಎಲ್ಲರ ಪಾಡೂ ಇದೇ ಅಲ್ವಾ? ಆದರೆ ಈ ಸಾಫ್ಟ್‌ವೇರ್‌ಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಎಷ್ಟು ಶೈಲಿಗಳಿವೆ, ದನಿ ಎಷ್ಟು ಚೆನ್ನಾಗಿದೆ ಅಂತ ಬರೆಯುತ್ತಾರೆ. ಅದೂ ಬೇಕು. ನನಗೆ ಅದಕ್ಕಿಂತ ಮುಖ್ಯ ಇನ್ನೊಂದಿದೆ. ತಲೆಯಲ್ಲಿರುವ ಹಾಡು ಸ್ಪೀಕರ್‌ನಿಂದ ಹೊರಗೆ ಬರುವಷ್ಟರಲ್ಲಿ ನುಡಿಸುವ ಹುಮ್ಮಸ್ಸು ಉಳಿದಿರುತ್ತದೆಯೇ, ಇಲ್ಲವೇ?

ಇವು ಏನು ಮಾಡುತ್ತವೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು) ಬಾರ್ ಬಾರ್ ಲೆಕ್ಕದಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು, ಸಾಮಾನ್ಯವಾಗಿ ನಾಲ್ಕು ಬೀಟ್) ಬರೆದು ಕೊಟ್ಟು, ಸ್ವಿಂಗ್, ಬೋಸಾ ನೋವಾ, ರಾಕ್ ಅಂತ ಒಂದು ಶೈಲಿ ಆರಿಸಿದರೆ ಸಾಕು. ಬೇಸ್, ಡ್ರಮ್ಸ್, ಪಿಯಾನೋ, ಗಿಟಾರ್ ಎಲ್ಲವನ್ನೂ ಅದೇ ಹೊಂದಿಸಿ ನುಡಿಸುತ್ತದೆ. ಮುಖ್ಯ ದನಿ ನಮ್ಮದು. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಇದು ಎಂಥ ದೊಡ್ಡ ಉಪಕಾರ ಅಂತ ನುಡಿಸಿದವರಿಗೇ ಗೊತ್ತು. ಬರೀ ಮೆಟ್ರೋನೋಮ್ ಜೊತೆ ನುಡಿಸುವಾಗ ತಪ್ಪು ಸ್ವರ ತಪ್ಪು ಅಂತ ಕೇಳಿಸುವುದೇ ಇಲ್ಲ. ಕೆಳಗೆ ಬೇಸ್ ನಡೆಯುತ್ತಿದ್ದರೆ ತಕ್ಷಣ ಕೇಳಿಸುತ್ತದೆ.

ಮೊದಲು ಬ್ಯಾಂಡ್-ಇನ್-ಎ-ಬಾಕ್ಸ್. ಈ ಜಾತಿಯ ಸಾಫ್ಟ್‌ವೇರ್‌ಗೆ ಹಿರಿಯಣ್ಣ ಇದು. ಕೆನಡಾದ ಪಿಜಿ ಮ್ಯೂಸಿಕ್ ಕಂಪನಿಯದು. ಪೀಟರ್ ಗ್ಯಾನನ್ ಇದನ್ನು ಹೊರತಂದಿದ್ದು 1990ರಲ್ಲಿ, ಡಾಸ್ ಮತ್ತು ಅಟಾರಿ ಕಂಪ್ಯೂಟರ್‌ಗಳ ಕಾಲದಲ್ಲಿ. ಅಂದಿನ ಅದೇ ಮೂಲ ವಿಚಾರ ಇಂದಿಗೂ ಹಾಗೇ ನಿಂತಿದೆ: ಚೌಕಗಳ ಹಾಳೆ, ಅದರಲ್ಲಿ ಕಾರ್ಡ್ ಟೈಪ್ ಮಾಡು, ಪ್ಲೇ ಒತ್ತು.

ಇದರಲ್ಲಿ ಕಾರ್ಡ್ ತುಂಬುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಸುಲಭ ಅನ್ನುವುದು ಇರುವುದೇ ಅಲ್ಲಿ. ಎಫ್ ಕೀಯಲ್ಲಿ, ಅಂದರೆ ಎಫ್ ಸ್ವರವನ್ನು ಆಧಾರವಾಗಿಟ್ಟು, 12 ಬಾರ್‌ನ ಬ್ಲೂಸ್ ತೆಗೆದುಕೊಳ್ಳಿ. ಮೊದಲ ಚೌಕದಲ್ಲಿ ಎಫ್7 ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಕರ್ಸರ್ ಎರಡು ಬೀಟ್ ಮುಂದೆ ಹೋಗುತ್ತದೆ, ಅಂದರೆ ಅರ್ಧ ಬಾರ್. ಇನ್ನೊಮ್ಮೆ ಎಂಟರ್ ಒತ್ತಿದರೆ ಮುಂದಿನ ಬಾರ್. ಅಲ್ಲಿ ಬಿ ಫ್ಲಾಟ್ 7. ಎಂಟನೇ ಬಾರ್‌ನಲ್ಲಿ ಅರ್ಧ ಎಫ್7, ಅರ್ಧ ಡಿ7 ಬೇಕೆಂದರೆ ಅರ್ಧ ಬಾರ್‌ನ ಆ ಹೆಜ್ಜೆ ಎಷ್ಟು ಅನುಕೂಲ ಅಂತ ತಿಳಿಯುತ್ತದೆ. ಕ್ಯಾಪಿಟಲ್ ಅಕ್ಷರ, ಸ್ಮಾಲ್ ಅಕ್ಷರ ಅಂತ ಯೋಚಿಸಬೇಕಾಗಿಲ್ಲ, ಅದೇ ಸರಿಮಾಡಿಕೊಳ್ಳುತ್ತದೆ. ಮೇಜರ್ ಸೆವೆನ್‌ಗೆ ಜೆ, ಹಾಫ್ ಡಿಮಿನಿಶ್ಡ್‌ಗೆ ಎಚ್, ಡಿಮಿನಿಶ್ಡ್‌ಗೆ ಡಿ, ಹೀಗೆ ಕಾರ್ಡ್‌ನ ಬಗೆಗಳಿಗೆ ಒಂದೊಂದೇ ಅಕ್ಷರದ ಒಳದಾರಿಗಳಿವೆ. ಒಂದು ಬಾರ್‌ನಲ್ಲಿ ಎರಡಕ್ಕಿಂತ ಜಾಸ್ತಿ ಕಾರ್ಡ್ ಬೇಕಾದರೆ ನಡುವೆ ಕಾಮಾ ಹಾಕಿದರಾಯಿತು. ಕೈ ಒಮ್ಮೆ ಪಳಗಿದರೆ ಇಡೀ ಬ್ಲೂಸ್ ತುಂಬಲು ಮೌಸ್ ಮುಟ್ಟಬೇಕಾಗಿಲ್ಲ. ಹಾಡು ಗುನುಗುತ್ತಾ ಹೋದಂತೆ ಹಾಳೆ ತುಂಬುತ್ತದೆ.

ಕಾರ್ಡ್ ಹೆಸರು ಬರೆದ ಮೇಲೆ ಅದರ ಕೊನೆಗೆ ಚುಕ್ಕಿ ಇಡುವ ಪದ್ಧತಿ ನನಗೆ ಇನ್ನೂ ಇಷ್ಟ. ಒಂದು ಚುಕ್ಕಿ ಇಟ್ಟರೆ ಅಲ್ಲಿ ವಾದ್ಯಗಳು ಸುಮ್ಮನಾಗುತ್ತವೆ. ಎರಡು ಇಟ್ಟರೆ ಎಲ್ಲರೂ ಸೇರಿ ಆ ಕಾರ್ಡನ್ನು ಚುಟುಕಾಗಿ ಬಾರಿಸಿ ಬಿಡುತ್ತಾರೆ. ಮೂರು ಇಟ್ಟರೆ ಕಾರ್ಡ್ ಹಿಡಿದು ನಿಲ್ಲಿಸುತ್ತಾರೆ. ನಿಜವಾದ ಬ್ಯಾಂಡ್ ಮುಂದೆ ಕೈ ತೋರಿಸಿ "ಇಲ್ಲಿ ನಿಲ್ಲಿಸಿ" ಅನ್ನುತ್ತೇವಲ್ಲ, ಆ ಸನ್ನೆಯ ಕೆಲಸ ಒಂದು ಚುಕ್ಕಿಯಲ್ಲಿ ಮುಗಿಯುತ್ತದೆ. ಹಾಗೆಯೇ ಬಾರ್ ನಂಬರ್ ಮೇಲೆ ಕ್ಲಿಕ್ ಮಾಡಿ 'ಎ' ಅಥವಾ 'ಬಿ' ಗುರುತು ಇಡಬಹುದು. ಗುರುತಿನ ಹಿಂದಿನ ಬಾರ್‌ನಲ್ಲಿ ಡ್ರಮ್ಮರ್ ಒಂದು ಫಿಲ್ (ಭಾಗದ ಕೊನೆ ತುಂಬುವ ಚಿಕ್ಕ ಬಾರಿಕೆ) ಬಾರಿಸಿ, ಮುಂದಿನ ಭಾಗ ಬಂತು ಅಂತ ಸೂಚನೆ ಕೊಡುತ್ತಾನೆ. ಎಷ್ಟೋ ಸ್ವಿಂಗ್ ಶೈಲಿಗಳಲ್ಲಿ 'ಎ' ಭಾಗಕ್ಕೆ ಬೇಸ್ ಎರಡು ಬೀಟ್‌ಗೆ ಒಂದು ಸ್ವರ ಇಡುತ್ತದೆ, 'ಬಿ'ಗೆ ಬಂದಾಗ ನಾಲ್ಕೂ ಬೀಟ್ ನಡೆಯತೊಡಗುತ್ತದೆ. ಆ ಬದಲಾವಣೆಗೆ ನಾವು ನುಡಿಸುವ ರೀತಿಯೂ ತಾನಾಗಿ ಬದಲಾಗುತ್ತದೆ.

ಇಷ್ಟೆಲ್ಲ ಒಳ್ಳೆಯ ದಾರಿಗಳಿದ್ದೂ ಹೊಸಬರಿಗೆ ಇದು ಭಯ ಹುಟ್ಟಿಸುತ್ತದೆ. ಕಾರಣ ಮುಖ್ಯ ಪರದೆ. ಮೂವತ್ತು ವರ್ಷಕ್ಕೂ ಮೀರಿ ಬೆಳೆಯುತ್ತಾ ಬಂದ ಸಾಫ್ಟ್‌ವೇರ್. ಬಟನ್, ಮೆನು, ಕಿಟಕಿಗಳ ದಟ್ಟಣೆ ಜಾಸ್ತಿ. ಸ್ವರಲಿಪಿಗೆ ಒಂದು ಕಿಟಕಿ, ಮಿಕ್ಸರ್‌ಗೆ ಒಂದು, ಶೈಲಿ ಹುಡುಕಲು ಒಂದು, ಹಾಡಿನ ಆಡಿಯೋದಿಂದ ಕಾರ್ಡ್ ಗುರುತಿಸಿಕೊಡುವ ಸಲಕರಣೆಗೆ ಇನ್ನೊಂದು. ಒಂದೊಂದಕ್ಕೂ ಕೆಲಸ ಇದೆ, ಸುಮ್ನೆ ಇಟ್ಟಿದ್ದಲ್ಲ. ನನ್ನ ತಕರಾರು ಅವು ಇರುವುದರ ಬಗ್ಗೆ ಅಲ್ಲ. ಕಣ್ಣಿಗೆ ಕಾಣುವ ದಾರಿಯೆಲ್ಲ ನಿಧಾನದ ದಾರಿ. ಬೇಗ ಮುಟ್ಟಿಸುವ ದಾರಿ, ಅಂದರೆ ಮೇಲೆ ಹೇಳಿದ ಜೆ, ಎಚ್, ಕಾಮಾ, ಚುಕ್ಕಿ, ಕೈಪಿಡಿ ಓದಿದವರಿಗೆ ಮಾತ್ರ ತಿಳಿಯುತ್ತದೆ. ಟೈಪ್ ಮಾಡುವ ಚೌಕದ ಕೆಳಗೇ ಒಂದು ಸಾಲಿನಲ್ಲಿ 'ಜೆ ಒತ್ತಿದರೆ ಮೇಜರ್ ಸೆವೆನ್' ಅಂತ ತೋರಿಸಿದರೆ ಹೊಸಬರು ಮೊದಲ ಹಾಡಿನಲ್ಲೇ ಕಲಿತುಬಿಡುತ್ತಾರೆ. ನಾಲ್ಕು ಬಟನ್ ತೆಗೆಯುವುದಕ್ಕಿಂತ ಆ ಒಂದು ಸಾಲು ಸೇರಿಸುವುದು ದೊಡ್ಡ ಸುಧಾರಣೆ.

ದನಿಯ ವಿಷಯಕ್ಕೆ ಬಂದರೆ ಇದಕ್ಕೆ ಸರಿಸಾಟಿ ನಾನು ಕೇಳಿಲ್ಲ. ರಿಯಲ್‌ಟ್ರ್ಯಾಕ್ಸ್ ಅಂತ ಇದರಲ್ಲಿದೆ. ನುರಿತ ವಾದಕರು ಸ್ಟುಡಿಯೋದಲ್ಲಿ ನುಡಿಸಿದ ತುಣುಕುಗಳನ್ನು ನಮ್ಮ ಕಾರ್ಡ್‌ಗೆ, ನಮ್ಮ ಟೆಂಪೋಗೆ (ವೇಗಕ್ಕೆ, ನಿಮಿಷಕ್ಕೆ ಎಷ್ಟು ಬೀಟ್ ಅನ್ನುವುದಕ್ಕೆ) ಹೊಂದಿಸಿ ಜೋಡಿಸುತ್ತದೆ. ಬ್ರಷ್‌ನಿಂದ ಸ್ನೇರ್ ಡ್ರಮ್ ಸವರುವ ಸದ್ದು ಕೇಳಿದರೆ ಮನುಷ್ಯರೇ ಕೂತು ಬಾರಿಸಿದ್ದು ಅಂತ ತಿಳಿಯುತ್ತದೆ. ಈ ಸಂಗ್ರಹ ಎಷ್ಟು ದೊಡ್ಡದೆಂದರೆ ಪೂರ್ತಿ ಬೇಕೆಂದವರಿಗೆ ಹಾರ್ಡ್ ಡ್ರೈವ್‌ನಲ್ಲೇ ಕಳಿಸುತ್ತಾರೆ. ಒಂದು ಸಂಗತಿ ಮೊದಲೇ ತಿಳಿದಿರಲಿ: ಹಿಮ್ಮೇಳವನ್ನು ಹೊಸದಾಗಿ ಹೆಣೆಯುವುದು ಬೇರೆ, ಹೆಣೆದಿದ್ದನ್ನು ಮತ್ತೆ ನುಡಿಸುವುದು ಬೇರೆ. ಹೊಸದಾಗಿ ಹೆಣೆಯಲು ಹೇಳಿದರೆ ಹಳೆಯದನ್ನು ಬಿಟ್ಟು ಮತ್ತೆ ಹೆಣೆದುಬಿಡುತ್ತದೆ. ಹೋದ ಸಲ ಪಿಯಾನೋ ಕೊಟ್ಟ ಚೆಂದದ ಉತ್ತರ ಈ ಸಲ ಇರುವುದಿಲ್ಲ. ಹಿಡಿಸಿದ್ದನ್ನು ಉಳಿಸಿಕೊಳ್ಳಲು ಆ ಟ್ರ್ಯಾಕನ್ನು ಫ್ರೀಜ್ ಮಾಡಬೇಕು. ನನಗಂತೂ ಹೊಸದಾಗಿ ಹೆಣೆಯುವುದೇ ಹಿಡಿಸುತ್ತದೆ. ದಿನಾ ಅದೇ ಹಿಮ್ಮೇಳ ಕೇಳಿದರೆ ಕಿವಿ ನಿದ್ದೆ ಹೋಗುತ್ತದೆ.

ಇನ್ನು ಐರಿಯಲ್ ಪ್ರೋ. ಇದು ಬೇರೆ ದಿಕ್ಕಿನಿಂದ ಬಂದದ್ದು. ಬೇಸ್ ವಾದಕ ಮಾಸಿಮೊ ಬಿಯೊಲ್ಕಾತಿ 2008ರಲ್ಲಿ ಐರಿಯಲ್ ಬುಕ್ ಅನ್ನುವ ಹೆಸರಲ್ಲಿ ಶುರು ಮಾಡಿದ್ದು. ನುಡಿಸುವವನೇ ಮಾಡಿದ ಆ್ಯಪ್ ಅನ್ನುವುದು ತೆರೆದ ತಕ್ಷಣ ಗೊತ್ತಾಗುತ್ತದೆ. ಸ್ಕ್ರೀನ್ ತುಂಬಾ ಕಾರ್ಡ್‌ಗಳೇ. ದಪ್ಪ ಅಕ್ಷರ, ಒಂದು ಸಾಲಿಗೆ ನಾಲ್ಕು ಬಾರ್, ಭಾಗಗಳಿಗೆ ಎ, ಬಿ ಗುರುತು. ಟ್ಯಾಬ್ಲೆಟನ್ನು ಸ್ಟ್ಯಾಂಡ್ ಮೇಲಿಟ್ಟು ನಿಂತರೆ ಕಣ್ಣು ಕಿರಿದು ಮಾಡಬೇಕಾಗಿಲ್ಲ. ನುಡಿಸುವಾಗ ಎಲ್ಲಿದ್ದೇವೆ ಅಂತ ಬಾರ್ ಬೆಳಗುತ್ತಾ ಹೋಗುತ್ತದೆ. ಹಾಡಿನ ಮಧ್ಯೆ ದಾರಿ ತಪ್ಪಿದರೆ ತಕ್ಷಣ ಸೇರಿಕೊಳ್ಳಬಹುದು.

ಇದರಲ್ಲಿ ಅಭ್ಯಾಸಕ್ಕಂತ ಇಟ್ಟಿರುವ ಎರಡು ಸೌಲಭ್ಯಗಳನ್ನು ನಾನು ಬಿಡುವುದೇ ಇಲ್ಲ. ಹಾಡು ಒಂದು ಸುತ್ತು ಮುಗಿದಾಗಲೆಲ್ಲ ಟೆಂಪೋ ತಾನಾಗಿ ಇಷ್ಟಿಷ್ಟು ಏರುವಂತೆ ಹೇಳಿಡಬಹುದು. ಹಾಗೆಯೇ ಪ್ರತಿ ಸುತ್ತಿಗೂ ಕೀ ಬದಲಾಗುವಂತೆ ಹೇಳಿಡಬಹುದು. ಕೀ ಬದಲಾಗುವ ಹೆಜ್ಜೆಯನ್ನು ನಾಲ್ಕು ಸೆಮಿಟೋನ್ (ಪಕ್ಕದ ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರ, ಅರ್ಧ ಟೋನ್) ಮೇಲಕ್ಕೆ ಅಥವಾ ಐದು ಸೆಮಿಟೋನ್ ಮೇಲಕ್ಕೆ ಇಟ್ಟರೆ ಫಲ ಬೇರೆ ಬೇರೆ. ನಾಲ್ಕರ ಹೆಜ್ಜೆ ಮೂರೇ ಕೀ ಸುತ್ತಿ ಮೊದಲಿನ ಜಾಗಕ್ಕೆ ಬರುತ್ತದೆ. ಐದರ ಹೆಜ್ಜೆ 12 ಕೀಗಳನ್ನೂ ಮುಟ್ಟಿ ಬರುತ್ತದೆ. ಹನ್ನೆರಡೂ ಕೀಗಳಲ್ಲಿ ಟೂ-ಫೈವ್-ಒನ್ (ಜಾಝ್‌ನಲ್ಲಿ ಪದೇ ಪದೇ ಬರುವ ಮೂರು ಕಾರ್ಡ್‌ಗಳ ಸಾಲು) ನುಡಿಸು ಅಂತ ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಮಧ್ಯೆ ನಿಲ್ಲಿಸಿ ಕೀ ಬದಲಾಯಿಸುವ ರಗಳೆ ಇಲ್ಲದಿದ್ದರೆ ಮಾತ್ರ ಅದು ನಡೆಯುತ್ತದೆ. ಇಲ್ಲಿ ವಾದ್ಯ ಕೆಳಗಿಡದೆ ನಡೆಯುತ್ತದೆ. ನಾನು ಸುಲಭ ಅನ್ನುವುದು ಇದಕ್ಕೇ.

ಐರಿಯಲ್ ಪ್ರೋದಲ್ಲಿ ಹಾಡಿನ ಮೆಲೊಡಿ ಇರುವುದಿಲ್ಲ, ಕಾರ್ಡ್ ಮಾತ್ರ. ಮೆಲೊಡಿಗೆ ಹಕ್ಕುಸ್ವಾಮ್ಯ ಇದೆ. ಬರೀ ಕಾರ್ಡ್‌ಗಳ ಸಾಲಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಹಾಗಾಗಿಯೇ ಜನ ತಾವು ಬರೆದ ಸಾವಿರಾರು ಕಾರ್ಡ್ ಹಾಳೆಗಳನ್ನು ಹಂಚಿಕೊಂಡಿದ್ದಾರೆ. ಹಾಳೆಯ ಎಲ್ಲ ಮಾಹಿತಿಯೂ ಒಂದು ಲಿಂಕ್ ಒಳಗೇ ಅಡಗಿರುತ್ತದೆ. ಮೆಸೇಜ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಹಾಡು ನಮ್ಮ ಆ್ಯಪ್‌ನಲ್ಲಿ ತೆರೆಯುತ್ತದೆ. ದನಿ ರಿಯಲ್‌ಟ್ರ್ಯಾಕ್ಸ್‌ನಷ್ಟು ಜೀವಂತವಾಗಿಲ್ಲ, ನಿಜ. ದಿನದ ಅಭ್ಯಾಸಕ್ಕೆ ಇಷ್ಟು ಸಾಕು. ಸಂಗೀತ ಕಾರ್ಯಕ್ರಮಕ್ಕೆ ಹೋಗುವ ಮುಂಚೆ, ಅಥವಾ ರೆಕಾರ್ಡಿಂಗ್‌ಗೆ, ದೊಡ್ಡಣ್ಣ ಬ್ಯಾಂಡ್-ಇನ್-ಎ-ಬಾಕ್ಸ್ ಹತ್ತಿರ ಹೋಗುತ್ತೇನೆ.

ಕೀ ಬದಲಾಯಿಸುವ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನ ಸಾಫ್ಟ್‌ವೇರ್‌ಗಳು ಜನರನ್ನು ಕಾಡುವುದು ಇಲ್ಲೇ. ಆಲ್ಟೋ ಸ್ಯಾಕ್ಸೊಫೋನ್ ಇ ಫ್ಲಾಟ್ ವಾದ್ಯ. ಹಾಳೆಯಲ್ಲಿ ಸಿ ಅಂತ ಓದಿ ಊದಿದರೆ ಹೊರಗೆ ಬರುವುದು ಇ ಫ್ಲಾಟ್. ಟ್ರಂಪೆಟ್ ಬಿ ಫ್ಲಾಟ್ ವಾದ್ಯ. ಅದರಲ್ಲಿ ಸಿ ಓದಿದರೆ ಬರುವುದು ಬಿ ಫ್ಲಾಟ್. ಅಂದಮೇಲೆ ಪಿಯಾನೋ ಎಫ್ ಬ್ಲೂಸ್ ನುಡಿಸುತ್ತಿದ್ದರೆ ನನ್ನ ಹಾಳೆಯಲ್ಲಿ ಡಿ ಅಂತ ಇರಬೇಕು, ಟ್ರಂಪೆಟ್ ಹಾಳೆಯಲ್ಲಿ ಜಿ ಅಂತ ಇರಬೇಕು. ಕೇಳಿಸುವ ದನಿ ಮಾತ್ರ ಎಲ್ಲರಿಗೂ ಎಫ್ ಆಗಿಯೇ ಇರಬೇಕು. ಇಲ್ಲಿ ಬೇಕಿರುವುದು ಎರಡು ಬೇರೆ ಬೇರೆ ಕೆಲಸ. ಒಂದು, ದನಿಯ ಕೀ ಬದಲಾಯಿಸುವುದು. ಹಾಡುವವರಿಗೆ ಎತ್ತರ ಆಯಿತು, ಎರಡು ಸೆಮಿಟೋನ್ ಇಳಿಸಿ ಅನ್ನುವಂಥದ್ದು. ಇನ್ನೊಂದು, ದನಿಯನ್ನು ಮುಟ್ಟದೆ ಕಾಣುವ ಕಾರ್ಡ್‌ಗಳನ್ನು ಮಾತ್ರ ವಾದ್ಯಕ್ಕೆ ತಕ್ಕಂತೆ ತೋರಿಸುವುದು.

ನನ್ನ ಹತ್ತಿರ ಒಬ್ಬ ಹುಡುಗಿ ಟ್ರಂಪೆಟ್ ಅಭ್ಯಾಸಕ್ಕೆ ಬರುತ್ತಾಳೆ. ಅವಳ ಫೋನ್‌ನಲ್ಲಿ ಇದ್ದ ಒಂದು ಆ್ಯಪ್‌ನಲ್ಲಿ, ಹೆಸರು ಬೇಡ, 'ಟ್ರಾನ್ಸ್‌ಪೋಸ್' ಅಂತ ಒಂದೇ ಬಟನ್. ಒತ್ತಿದರೆ ಕಾಣುವ ಕಾರ್ಡ್ ಜೊತೆಗೆ ದನಿಯೂ ಮೇಲೇರುತ್ತಿತ್ತು. ಹಾಳೆ ನೋಡಿ ಸರಿಯಾಗಿ ಊದಿದರೂ ಹಿಮ್ಮೇಳಕ್ಕೆ ಒಂದು ಪೂರ್ತಿ ಟೋನ್ ಕೆಳಗೆ ಕೇಳಿಸುತ್ತಿತ್ತು. "ಸರ್, ನನ್ನ ಟ್ರಂಪೆಟ್ ಶ್ರುತಿ ಹೋಗಿದೆಯಾ?" ಅಂತ ಅವಳು ಟ್ಯೂನಿಂಗ್ ಸ್ಲೈಡ್ ಎಳೆದು ಎಳೆದು ನೋಡುತ್ತಿದ್ದಳು. ಶ್ರುತಿ ಸರಿಯಾಗೇ ಇತ್ತು. ಕಲಿಯುವ ಮಕ್ಕಳು ಇಂಥ ಹೊತ್ತಿನಲ್ಲಿ ಸಾಫ್ಟ್‌ವೇರನ್ನು ಅನುಮಾನಿಸುವುದಿಲ್ಲ, ತಮ್ಮನ್ನೇ ಅನುಮಾನಿಸುತ್ತಾರೆ. ಅದು ನನಗೆ ಸಂಕಟ ತರುತ್ತದೆ. ಐರಿಯಲ್ ಪ್ರೋದಲ್ಲಿ ಇವೆರಡೂ ಬೇರೆ ಬೇರೆ. ಹಾಡಿನ ಕೀ ಒಂದು ಕಡೆ, ನಿಮ್ಮ ವಾದ್ಯ ಯಾವ ಕೀಯದು ಅನ್ನುವುದು ಇನ್ನೊಂದು ಕಡೆ. ವಾದ್ಯದ್ದನ್ನು ಒಮ್ಮೆ ಹೇಳಿಟ್ಟರೆ ಆಯಿತು. ಬ್ಯಾಂಡ್-ಇನ್-ಎ-ಬಾಕ್ಸ್‌ನಲ್ಲೂ ಬಿ ಫ್ಲಾಟ್, ಇ ಫ್ಲಾಟ್ ವಾದ್ಯಗಳಿಗೆ ಕಾಣುವುದನ್ನು ಮಾತ್ರ ಬದಲಿಸುವ ವ್ಯವಸ್ಥೆ ಇದೆ. ಹೊಸದಾಗಿ ಇಂಥ ಸಾಫ್ಟ್‌ವೇರ್ ಮಾಡುವವರಿಗೆ ನನ್ನ ಕೋರಿಕೆ: ಮೊದಲ ಸಲ ತೆರೆದಾಗಲೇ 'ನೀವು ಯಾವ ವಾದ್ಯ ನುಡಿಸುತ್ತೀರಿ?' ಅಂತ ಕೇಳಿಬಿಡಿ. ಆಲ್ಟೋ ಅಂದರೆ ಇ ಫ್ಲಾಟ್ ಅಂತ ಸಾಫ್ಟ್‌ವೇರ್‌ಗೆ ಗೊತ್ತಿರಲಿ. ಮೊನ್ನೆ ಮೊನ್ನೆ ಊದಲು ಶುರು ಮಾಡಿದವರನ್ನು ಆ ಪರೀಕ್ಷೆಗೆ ಕೂರಿಸುವುದು ಬೇಡ.

ಇನ್ನೊಂದು ತೊಂದರೆ ಮೊದಲ ದಿನವೇ ಬರುವಂಥದ್ದು. ಇನ್‌ಸ್ಟಾಲ್ ಮಾಡಿ, ಹಾಡು ತೆರೆದು ಪ್ಲೇ ಒತ್ತಿದರೆ ಕರ್ಸರ್ ಓಡುತ್ತದೆ, ಸದ್ದು ಮಾತ್ರ ಇಲ್ಲ. ಕಂಪ್ಯೂಟರ್ ಮೇಲೆ ನಡೆಯುವ ಎಷ್ಟೋ ಹಿಮ್ಮೇಳದ ಸಾಫ್ಟ್‌ವೇರ್‌ಗಳಿಗೆ ಇದು ಬಂದೇ ಬರುತ್ತದೆ. ಇದಕ್ಕೆ ಕಾರಣ ಮಿಡಿ. 1983ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ದನಿ ಇರುವುದಿಲ್ಲ. 'ಈ ಸ್ವರ, ಇಷ್ಟು ಜೋರಾಗಿ, ಈಗ ಶುರು, ಈಗ ನಿಲ್ಲಿಸು' ಅನ್ನುವ ಅಪ್ಪಣೆಗಳು ಮಾತ್ರ ಇರುತ್ತವೆ. ಅಪ್ಪಣೆ ಕೇಳಿ ನುಡಿಸುವವರು ಬೇರೆ ಬೇಕು, ಅದೇ ಸಿಂಥ್. ಯಾವ ಸಿಂಥ್‌ಗೆ ಕಳಿಸಬೇಕು ಅಂತ ಆರಿಸಿಲ್ಲದಿದ್ದರೆ ಅಪ್ಪಣೆ ಗಾಳಿಗೆ ಹೋಗುತ್ತದೆ. 1991ರಲ್ಲಿ ಜನರಲ್ ಮಿಡಿ ಬಂದಮೇಲೆ 128 ದನಿಗಳ ಪಟ್ಟಿ, ಡ್ರಮ್ಸ್‌ಗೆ 10ನೇ ಚಾನೆಲ್ ಅಂತ ಒಂದು ಒಪ್ಪಂದವಾಯಿತು. ಪಿಯಾನೋ ಎಲ್ಲ ಕಡೆಯೂ ಪಿಯಾನೋ ಆಯಿತು. ಆದರೆ ಅದು ಎಷ್ಟು ಒಳ್ಳೆಯ ಪಿಯಾನೋ ಅನ್ನುವುದು ಆ ಸಿಂಥ್‌ಗೆ ಬಿಟ್ಟಿದ್ದು. ವಿಂಡೋಸ್ ಜೊತೆ ಬರುವ ಪುಟ್ಟ ಸಿಂಥ್‌ನಲ್ಲಿ ಕೇಳಿ "ಈ ಸಾಫ್ಟ್‌ವೇರ್ ದನಿ ಚೆನ್ನಾಗಿಲ್ಲ" ಅನ್ನುವವರು ಒಳ್ಳೆಯ ಸೌಂಡ್‌ಫಾಂಟ್ (ವಾದ್ಯಗಳ ದನಿಗಳನ್ನು ತುಂಬಿಟ್ಟ ಫೈಲ್) ಹಾಕಿ ಮತ್ತೆ ಕೇಳಬೇಕು. ಬೇರೆಯದೇ ಬ್ಯಾಂಡ್ ಬಂದು ಕೂತಂತಿರುತ್ತದೆ.

ಇಷ್ಟನ್ನೆಲ್ಲ ಬಳಸುವವರು ತಿಳಿದಿರಬೇಕು ಅನ್ನುವುದು ನ್ಯಾಯವಲ್ಲ. ಒಂದು ಸಿಂಥನ್ನು ಒಳಗೇ ಇಟ್ಟು ಕೊಡಿ. ತೆರೆದ ತಕ್ಷಣ ಒಂದು ಹಾಡು ಸಿದ್ಧವಾಗಿರಲಿ. ಸ್ಪೇಸ್ ಒತ್ತಿದರೆ ಸದ್ದು ಬರಲಿ. ಸಿಂಥ್ ಬದಲಾಯಿಸುವ ಆಸೆ ಹುಟ್ಟಿದ ದಿನ ಅದರ ಕಿಟಕಿ ಹುಡುಕಿಕೊಳ್ಳುತ್ತಾರೆ.

ಮಿಡಿಯ ಮಾತು ಬಂದಾಗ ಎಂಎಂಎ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಮ್ಯೂಸಿಕಲ್ ಮಿಡಿ ಅಕಂಪನಿಮೆಂಟ್ ಇದರ ಪೂರ್ತಿ ಹೆಸರು. ಬಾಬ್ ವ್ಯಾನ್ ಡರ್ ಪೋಲ್ ಪೈಥಾನ್‌ನಲ್ಲಿ ಬರೆದದ್ದು, ಉಚಿತ. ಇದರಲ್ಲಿ ಬಟನ್ನೂ ಇಲ್ಲ, ಕಿಟಕಿಯೂ ಇಲ್ಲ. ಒಂದು ಖಾಲಿ ಟೆಕ್ಸ್ಟ್ ಫೈಲ್‌ನಲ್ಲಿ ಮೊದಲ ಸಾಲು 'ಟೆಂಪೋ 120', ಎರಡನೇ ಸಾಲು 'ಗ್ರೂವ್ ಸ್ವಿಂಗ್' ಅಂತ ಬರೆದು, ಆಮೇಲೆ ಸಾಲಿಗೊಂದು ಬಾರ್‌ನಂತೆ ಕಾರ್ಡ್ ಬರೆಯುತ್ತಾ ಹೋಗಬೇಕು. ಕಮಾಂಡ್ ಕೊಟ್ಟರೆ ಮಿಡಿ ಫೈಲ್ ಸಿದ್ಧ. ಇದು ಕಷ್ಟದ್ದು ಅಂತ ಹೆಚ್ಚಿನವರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಬ್ಲೂಸ್ ಬೇಕೆಂದರೆ ಹದಿನಾಲ್ಕು ಸಾಲು, ಒಂದು ಕಣ್ಣೋಟಕ್ಕೆ ಸಿಗುತ್ತದೆ. ಕಾಪಿ ಮಾಡಬಹುದು, ಮೇಲ್‌ನಲ್ಲಿ ಅಂಟಿಸಬಹುದು, ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಓದಬಹುದು. ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಬ್ಯಾಂಡ್-ಇನ್-ಎ-ಬಾಕ್ಸ್‌ನ ಚೌಕಗಳಿಗಿಂತಲೂ ಇದು ಬೇಗ ಆಗುತ್ತದೆ. ಕಷ್ಟ ಇರುವುದು ಕೇಳುವ ಹೊತ್ತಿನಲ್ಲಿ. ಒಂದು ಕಾರ್ಡ್ ಬದಲಾಯಿಸಿದರೆ ಸೇವ್ ಮಾಡಿ, ಮತ್ತೆ ಕಮಾಂಡ್ ಕೊಟ್ಟು, ಫೈಲನ್ನು ಪ್ಲೇಯರ್‌ನಲ್ಲಿ ತೆರೆದು ಕೇಳಬೇಕು. ಐದನೇ ಬಾರ್‌ನಿಂದ ಎಂಟನೇ ಬಾರ್‌ವರೆಗೆ ಮಾತ್ರ ಸುತ್ತು ಹಾಕಿಸಬೇಕೆಂದರೆ ಇನ್ನೂ ಓಡಾಟ. ಬರೆಯುವುದನ್ನು ಹೀಗೇ ಬಿಟ್ಟು, ಕೇಳುವುದಕ್ಕೆ ಮಾತ್ರ ಒಂದು ಸಣ್ಣ ಕಿಟಕಿ ಜೋಡಿಸಿದರೆ ಎಷ್ಟು ಚೆನ್ನ. ಲಿನಕ್ಸ್‌ನಲ್ಲಿ ಲಿನಕ್ಸ್‌ಬ್ಯಾಂಡ್ ಅನ್ನುವುದು ಎಂಎಂಎ ಮೇಲೆ ಚೌಕಗಳ ಹಾಳೆ ಹೊದಿಸಿ ಈ ಕಡೆಗೇ ಒಂದು ಹೆಜ್ಜೆ ಇಟ್ಟಿತ್ತು.

ಉಚಿತವಾಗಿ ಸಿಗುವುದರಲ್ಲಿ ಇನ್ನೆರಡು. ಜೆಜಾಝ್‌ಲ್ಯಾಬ್ ಇವತ್ತಿನ ಕಾಲದ್ದು, ನೋಡಲು ಅಚ್ಚುಕಟ್ಟು. ಯಮಾಹಾ ಕೀಬೋರ್ಡ್‌ಗಳ ಶೈಲಿ ಫೈಲ್‌ಗಳನ್ನು ಓದುತ್ತದೆ, ಹಾಗಾಗಿ ಶೈಲಿಗಳಿಗೆ ಬರ ಇಲ್ಲ. ಇಂಪ್ರೋ-ವೈಸರ್ ಅಮೆರಿಕದ ಹಾರ್ವೆ ಮಡ್ ಕಾಲೇಜಿನ ಬಾಬ್ ಕೆಲರ್ ಕಟ್ಟಿದ್ದು. ಹಿಮ್ಮೇಳ ಕೊಡುವುದರ ಜೊತೆಗೆ ನಾವು ಬರೆದ ಸ್ವರಗಳಿಗೆ ಬಣ್ಣ ಹಚ್ಚುತ್ತದೆ. ಕಾರ್ಡ್‌ನ ಒಳಗಿನ ಸ್ವರ ಕಪ್ಪು, ಕಾರ್ಡ್‌ಗೆ ಹೊಂದಿ ಮೆರುಗು ಕೊಡುವ ಸ್ವರ ಹಸಿರು, ಮುಂದಿನ ಸ್ವರಕ್ಕೆ ದಾರಿ ಮಾಡುವುದು ನೀಲಿ, ಉಳಿದದ್ದು ಕೆಂಪು. ಪಾಠದ ಪುಸ್ತಕ ಅಧ್ಯಾಯಗಟ್ಟಲೆ ಹೇಳುವುದನ್ನು ಇದು ಒಂದು ಬಾರ್‌ನಲ್ಲಿ ತೋರಿಸುತ್ತದೆ. ಸೋಲೋ ಕಲಿಯುವವರು ನೋಡಲೇಬೇಕು.

ಈಗ ನಿಂತು ನುಡಿಸುವ ಕಷ್ಟಕ್ಕೆ ಬರುತ್ತೇನೆ. ಕೌಂಟ್-ಇನ್. ಪ್ಲೇ ಒತ್ತಿದ ಮೇಲೆ 'ಒಂದು, ಎರಡು, ಮೂರು, ನಾಲ್ಕು' ಅಂತ ಬರುತ್ತದಲ್ಲ, ಅದು. ಸಾಮಾನ್ಯವಾಗಿ ಇದನ್ನು ಬಾರ್ ಲೆಕ್ಕದಲ್ಲಿ ಕೊಡುತ್ತಾರೆ. ಟೆಂಪೋ 60 ಇದ್ದರೆ ಒಂದು ಬಾರ್ ಅಂದರೆ ನಾಲ್ಕು ಸೆಕೆಂಡ್. ಕೈ ವಾದ್ಯಕ್ಕೆ ಬಂದು, ಉಸಿರು ತೆಗೆದುಕೊಂಡು ತಯಾರಾಗಬಹುದು. ಟೆಂಪೋ 160 ಆದರೆ ಅದೇ ಒಂದು ಬಾರ್ ಒಂದೂವರೆ ಸೆಕೆಂಡ್. ಬೆರಳು ಮೌಸ್‌ನಿಂದ ಏಳುವಷ್ಟರಲ್ಲಿ ಹಾಡು ಶುರುವಾಗಿರುತ್ತದೆ. ಬಳಸುವವರಿಗೆ ಬೇಕಿರುವುದು ಬಾರ್ ಅಲ್ಲ, ಸೆಕೆಂಡ್. 'ಕನಿಷ್ಠ ನಾಲ್ಕು ಸೆಕೆಂಡ್ ಕೊಡು' ಅಂತ ಒಮ್ಮೆ ಹೇಳಿಟ್ಟರೆ ಎಷ್ಟು ಬಾರ್ ಎಣಿಸಬೇಕು ಅಂತ ಸಾಫ್ಟ್‌ವೇರೇ ಲೆಕ್ಕ ಹಾಕಲಿ. ಇದನ್ನು ಮಾಡಲು ದೊಡ್ಡ ಜಾಣತನ ಬೇಕಾಗಿಲ್ಲ, ಒಂದು ಭಾಗಾಕಾರ ಅಷ್ಟೇ.

ಅಲ್ಲಿಯವರೆಗೆ ಕಾಲಿನ ಪೆಡಲ್ ಒಳ್ಳೆಯ ದಾರಿ. ಪುಟ ತಿರುಗಿಸಲು ಮಾರುವ ಬ್ಲೂಟೂತ್ ಪೆಡಲ್‌ಗಳು ಕಂಪ್ಯೂಟರ್‌ಗೆ ಕೀಬೋರ್ಡ್‌ನಂತೆಯೇ ಕಾಣುತ್ತವೆ. ಒತ್ತಿದರೆ ಬಾಣದ ಕೀ ಅಥವಾ ಪೇಜ್ ಡೌನ್ ಹೋಗುತ್ತದೆ. ಕೆಲವು ಪೆಡಲ್‌ಗಳಲ್ಲಿ ಯಾವ ಕೀ ಕಳಿಸಬೇಕು ಅಂತ ನಾವೇ ಬದಲಾಯಿಸಬಹುದು. ಬ್ಯಾಂಡ್-ಇನ್-ಎ-ಬಾಕ್ಸ್‌ನಲ್ಲಿ ಎಫ್4 ಒತ್ತಿದರೆ ಶುರು, ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಕೊಟ್ಟರೆ ಕೈ ವಾದ್ಯ ಬಿಡಬೇಕಾಗಿಲ್ಲ.

ಬ್ಲೂಟೂತ್ ಸ್ಪೀಕರ್ ಬಗ್ಗೆ ಮಾತ್ರ ಹುಷಾರು. ದನಿ ತಡವಾಗಿ ಬರುತ್ತದೆ, ಹಲವು ಸ್ಪೀಕರ್‌ಗಳಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಜಾಸ್ತಿ. ಟೆಂಪೋ 120ರಲ್ಲಿ ಒಂದು ಬೀಟ್ ಅರ್ಧ ಸೆಕೆಂಡ್ ಅಂದಮೇಲೆ ಇದು ಸಣ್ಣದಲ್ಲ. ಕಿವಿ ಕೇಳಿದ್ದಕ್ಕೆ ನುಡಿಸುತ್ತಾ ಹೋದರೆ ಏನೂ ಗೊತ್ತಾಗುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ಬೆಳಗುವ ಬಾರ್ ಮುಂದೆ ಓಡಿರುತ್ತದೆ, ರೆಕಾರ್ಡ್ ಮಾಡಿದರೆ ನಿಮ್ಮ ವಾದ್ಯ ಹಿಂದೆ ಬಿದ್ದಿರುತ್ತದೆ. ತಂತಿಯ ಸ್ಪೀಕರ್ ಬಳಸಿ.

ಯಾವುದು ತೆಗೆದುಕೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳುವುದು ಹೀಗೆ. ಅಭ್ಯಾಸ ಮಾತ್ರ ಸಾಕು, ಫೋನ್ ಅಥವಾ ಟ್ಯಾಬ್ಲೆಟ್ ಇದೆ ಅಂದರೆ ಐರಿಯಲ್ ಪ್ರೋ, ಎರಡನೇ ಯೋಚನೆ ಬೇಡ. ಸ್ವಂತ ಹಾಡು ಕಟ್ಟುವವರು, ಹಿಮ್ಮೇಳವನ್ನು ಬೇರೆಯವರಿಗೆ ಕೇಳಿಸುವವರು ಬ್ಯಾಂಡ್-ಇನ್-ಎ-ಬಾಕ್ಸ್ ತೆಗೆದುಕೊಳ್ಳಿ. ಮೊದಲ ವಾರ ಕಾರ್ಡ್ ಹಾಳೆ, ಶೈಲಿಯ ಕಿಟಕಿ, ಪ್ಲೇ, ಈ ಮೂರು ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ. ದುಡ್ಡು ಹಾಕುವ ಮುಂಚೆ ಇಂಥದ್ದು ನನಗೆ ಒಗ್ಗುತ್ತದೆಯೇ ಅಂತ ನೋಡಬೇಕು ಅನ್ನುವವರು ಜೆಜಾಝ್‌ಲ್ಯಾಬ್‌ನಿಂದ ಶುರು ಮಾಡಿ. ಕಮಾಂಡ್ ಲೈನ್ ಕಂಡರೆ ಖುಷಿಪಡುವವರಿಗೆ ಎಂಎಂಎ ಇದೆ.

ಯಾವುದನ್ನೇ ಬಳಸಿದರೂ ಮಿಕ್ಸರ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಗಿಟಾರ್ ನುಡಿಸುವ ಗೆಳೆಯರು ಬಂದಾಗ ಪಿಯಾನೋ ಮತ್ತು ಗಿಟಾರ್ ಎರಡನ್ನೂ ಮ್ಯೂಟ್ ಮಾಡಿ, ಬೇಸ್ ಮತ್ತು ಡ್ರಮ್ಸ್ ಮಾತ್ರ ಬಿಡಿ. ಅವರಿಗೆ ಕಾರ್ಡ್ ಇಡಲು ಜಾಗ ಸಿಗುತ್ತದೆ. ಬೇಸ್ ಕಲಿಯುವವರು ಬೇಸ್ ಮ್ಯೂಟ್ ಮಾಡಿ ತಾವೇ ನಡೆಸಬಹುದು. ಇನ್ನೊಂದು ಅಭ್ಯಾಸ: ಹಾಡು ತುಂಬಿ ಮುಗಿದ ದಿನವೇ ಪಿಡಿಎಫ್ ಮತ್ತು ಮಿಡಿ ಎರಡನ್ನೂ ಹೊರಗೆ ತೆಗೆದಿಡಿ. ಐರಿಯಲ್ ಪ್ರೋದಲ್ಲಿ ಮ್ಯೂಸಿಕ್‌ಎಕ್ಸ್‌ಎಂಎಲ್ ಕೂಡ ಸಿಗುತ್ತದೆ, ಅದನ್ನು ಸ್ವರಲಿಪಿಯ ಬೇರೆ ಸಾಫ್ಟ್‌ವೇರ್‌ಗಳಲ್ಲೂ ತೆರೆಯಬಹುದು.